ನೂರರಲ್ಲಿ ಹತ್ತು

ಅಡುಗೆಮನೆಯಲ್ಲಿ ಯಾರೋ ಇದ್ದರು. ಆರು ಜನ ಬಾಡಿಗೆದಾರರಿಗೆ ಸೇರಿ ಒಂದೇ ಅಡುಗೆಮನೆ. ಬಾಗಿಲ ಸಂದಿಯಿಂದ ಬೆಳಕು ಬರುತ್ತಿತ್ತು, ಲೋಟದಲ್ಲಿ ಚಮಚ ತಿರುಗುವ ಸದ್ದು ಕೇಳುತ್ತಿತ್ತು. ಅವಳು ತನ್ನ ಕೋಣೆಯ ಹೊಸ್ತಿಲಲ್ಲಿ ಖಾಲಿ ಪಾತ್ರೆ ಹಿಡಿದುಕೊಂಡು, ಒಳಗಿರುವವರು ಹೊರಡಲಿ ಎಂದು ಕಾಯುತ್ತ ನಿಂತಿದ್ದಳು. ಈ ದೇಶಕ್ಕೆ ಓದಲು ಬಂದು ಏಳು ತಿಂಗಳಾದರೂ ಈ ಕಾಯುವ ಕೆಲಸ ತಪ್ಪಿರಲಿಲ್ಲ. ಒಳಗೆ ಹೋದರೆ ಯಾರೂ ನುಂಗಿಬಿಡುವುದಿಲ್ಲ. ಹೇಗಿದ್ದೀಯ ಎನ್ನುತ್ತಾರೆ, ಚೆನ್ನಾಗಿದ್ದೀನಿ ಎನ್ನಬೇಕು, ಅಷ್ಟೇ. ಆದರೆ ಹೇಗಿದ್ದೀಯ ಎಂದು ಕೇಳಿದವರು ಉತ್ತರ ಬರುವಷ್ಟರಲ್ಲಿ ಲೋಟ ತೊಳೆಯಲು ಬೆನ್ನು ತಿರುಗಿಸಿರುತ್ತಾರೆ. ಆ ಬೆನ್ನಿಗೆ ಚೆನ್ನಾಗಿದ್ದೀನಿ ಎಂದು ಹೇಳುವಾಗ ತಾನು ನಿಜಕ್ಕೂ ಇಲ್ಲಿ ಇದ್ದೇನೋ ಇಲ್ಲವೋ ಎಂಬ ಅನುಮಾನ ಅವಳಿಗೆ ಬರುತ್ತಿತ್ತು. ಮೂವತ್ತೊಂದು ವರ್ಷದ ಹೆಂಗಸು, ಊರಲ್ಲಿ ಆರು ವರ್ಷ ಸಂಬಳದ ಕೆಲಸ ಮಾಡಿ ಬಂದವಳು, ಇಲ್ಲಿ ಬಾಗಿಲ ಮರೆಯಲ್ಲಿ ನಿಂತು ಕಿವಿ ನಿಮಿರಿಸಿಕೊಳ್ಳುವುದನ್ನು ನೆನೆದರೆ ಬೇರೆ ದಿನ ಅವಳಿಗೇ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮೇಷ್ಟರ ಕೋಣೆಗೆ ಹೋಗಬೇಕಿತ್ತು.

ಮೇಷ್ಟರ ಚೀಟಿ ಎರಡೇ ಸಾಲಿನದು. ನಕ್ಷೆಯ ಕೆಲಸದಲ್ಲಿ ನಿಮ್ಮ ಪಾಲಿನ ಬಗ್ಗೆ ಮಾತಾಡಬೇಕಿದೆ, ದಯವಿಟ್ಟು ಬನ್ನಿ. ಆ ದಯವಿಟ್ಟು ಅವಳನ್ನು ರಾತ್ರಿಯಿಡೀ ಕಾಡಿತ್ತು. ಅವಳು ಇಲ್ಲಿ ಕಲಿಯುತ್ತಿದ್ದದ್ದು ಹಳೆಯ ಕಾಗದ ರಿಪೇರಿ ಮಾಡುವ ವಿದ್ಯೆ. ಹುಳು ತಿಂದದ್ದು, ನೀರು ಕುಡಿದದ್ದು, ಮಡಿಕೆಯಲ್ಲಿ ಹರಿದದ್ದು, ಯಾರೋ ಪುಣ್ಯಾತ್ಮರು ಸಿಕ್ಕಿದ್ದರಲ್ಲಿ ಅಂಟಿಸಿ ಇನ್ನಷ್ಟು ಕೆಡಿಸಿದ್ದು, ಎಲ್ಲವನ್ನೂ ಮತ್ತೆ ಕೈಗೆತ್ತಿಕೊಳ್ಳುವ ಹಾಗೆ ಮಾಡುವುದು. ಮೊದಲ ವರ್ಷ ಮೂರು ಮೂರು ಜನರ ಗುಂಪಿಗೆ ಒಂದೊಂದು ಹಳೆಯ ವಸ್ತು ಕೊಟ್ಟು ಕೈ ಪಳಗಿಸುತ್ತಾರೆ. ಅದರಲ್ಲಿ ಗೆದ್ದವರು ಎರಡನೇ ವರ್ಷಕ್ಕೆ ಹೋಗಿ ಪತ್ರಾಗಾರದ ನಿಜವಾದ ದಾಖಲೆಗಳನ್ನು ಮುಟ್ಟಬಹುದು. ಉಳಿದವರು ಒಂದು ಪ್ರಮಾಣಪತ್ರ ಹಿಡಿದು ಮನೆಗೆ ಹೋಗಬಹುದು. ಮನೆಗೆ ಹೋಗುವುದೆಂದರೆ ಅಕ್ಕನ ಎದುರಿಗೆ ಹೋಗಿ ನಿಲ್ಲುವುದು. ಅಕ್ಕ ಬೈಯುವುದಿಲ್ಲ, ಕಾಲು ತೊಳೆದುಕೊಂಡು ಬಾ, ಊಟ ಮಾಡು ಎನ್ನುತ್ತಾಳೆ. ಅಡುಗೆಮನೆಯ ದೀಪ ಆರುವ ಹೊತ್ತಿಗೆ ಅವಳಿಗೆ ಹಸಿವು ಸತ್ತಿತ್ತು. ಪಾತ್ರೆಯನ್ನು ಮಂಚದ ಕೆಳಗೆ ತಳ್ಳಿ ಕೋಟು ಹಾಕಿಕೊಂಡು ಬಸ್ಸಿಗೆ ಹೊರಟಳು.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಎಂದಿನಂತೆ ಕೊನೆಯಲ್ಲಿ ತುಂಬಿತು. ಕಿಟಕಿಯಲ್ಲಿ ಒಂದೇ ಅಚ್ಚಿನ ಮನೆಗಳು, ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿಗಳು. ಬಂದ ಮೊದಲ ವಾರ ಇದೇ ರಸ್ತೆಯಲ್ಲಿ ಅವಳು ನಲವತ್ತು ನಿಮಿಷ ನಡೆದಿದ್ದಳು. ಮೇಷ್ಟರು ಕಾರು ನಿಲ್ಲಿಸಿ, ಹತ್ತುತ್ತೀರಾ, ನಾನೂ ಅದೇ ದಾರಿ ಎಂದಿದ್ದರು. ಅಯ್ಯೋ ಬೇಡ ಸರ್, ನಿಮಗ್ಯಾಕೆ ತೊಂದರೆ ಎಂದಳು. ಸರಿ ಹಾಗಾದರೆ ಎಂದು ಗಾಜು ಏರಿಸಿ ಹೋಗಿಯೇಬಿಟ್ಟರು. ಕಾರಿನ ಹಿಡಿಕೆಯ ಕಡೆಗೆ ಆಗಲೇ ಅರ್ಧ ಚಾಚಿದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವಳು ಕೂದಲು ಸರಿಮಾಡಿಕೊಂಡಳು. ದಾರಿಯುದ್ದಕ್ಕೂ ಆ ಮನುಷ್ಯನನ್ನು ಕಲ್ಲೆದೆಯವನೆಂದು ಬೈದುಕೊಂಡು ನಡೆದಿದ್ದಳು. ಆಮೇಲೆ ಗೊತ್ತಾಯಿತು, ಅವರು ಕಲ್ಲೆದೆಯವರೇನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಕೇಳಿಸಿಕೊಳ್ಳುವವರು. ಗೊತ್ತಾಯಿತೇ ಹೊರತು ನಾಲಿಗೆ ತಿದ್ದಿಕೊಳ್ಳಲಿಲ್ಲ. ಏನು ಕೊಟ್ಟರೂ ಬೇಡ ಎನ್ನುವುದು, ಯಾರು ಹೊಗಳಿದರೂ ಅಯ್ಯೋ ನಾನೇನು ಮಾಡಿದೆ ಎನ್ನುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಅದನ್ನು ಯಾರಾದರೂ ನಿಲ್ಲಿಸು ಎಂದರೆ ಎಲ್ಲಿಂದ ನಿಲ್ಲಿಸುವುದು.

ಕಾರ್ಯಾಗಾರದ ಮೂರನೇ ಮೇಜು ಅವಳ ಗುಂಪಿನದು. ಜೊತೆಗಾರರು ಇಬ್ಬರು. ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಅರವತ್ತು ದಾಟಿದ ಮೇಲೆ ಓದುವ ಹುಚ್ಚು ಹಿಡಿಸಿಕೊಂಡವರು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಇನ್ನೊಬ್ಬಳು ಒಳಗೂ ಹೊರಗೂ ಒಂದೇ ಉಣ್ಣೆ ಟೋಪಿ ಹಾಕಿಕೊಂಡಿರುವ ಹುಡುಗಿ. ಇವಳು ಮನಸ್ಸಿನಲ್ಲಿ ಆ ಹುಡುಗಿಯನ್ನು ಟೋಪಿ ಎಂದೇ ಕರೆಯುತ್ತಿದ್ದಳು. ಇಡೀ ಊರಲ್ಲಿ ಇವಳ ಹೆಸರು ನೆಟ್ಟಗೆ ಹೇಳಲು ಕಲಿತದ್ದು ಟೋಪಿ ಒಬ್ಬಳೇ. ಬಸ್ಸಿನ ಪಾಸು ಮಾಡಿಸಿಕೊಟ್ಟವಳು, ಚಳಿಗೆ ತಕ್ಕ ಬೂಟು ಎಲ್ಲಿ ಸಿಗುತ್ತದೆಂದು ತೋರಿಸಿದವಳು, ಭಾನುವಾರ ಒಮ್ಮೊಮ್ಮೆ ಫೋನು ಮಾಡಿ ಸುಮ್ಮನೆ ಮಾಡಿದೆ ಎನ್ನುವವಳು. ಸುಮ್ಮನೆ ಮಾಡಿದೆ ಎನ್ನುವ ಆ ಮಾತಿಗಾಗಿ ಅವಳು ವಾರವಿಡೀ ಕಾಯುತ್ತಿದ್ದಳು, ಕಾಯುತ್ತಿದ್ದೆನೆಂದು ಎಂದೂ ಹೇಳಿರಲಿಲ್ಲ.

ಅವರ ಪಾಲಿಗೆ ಬಂದದ್ದು ಯಾವುದೋ ಬಂದರಿನ ಹಳೆಯ ನಕ್ಷೆ, ಬಾಗಿಲಿನಷ್ಟು ದೊಡ್ಡದು. ಯಾರೋ ಅದನ್ನು ಬಟ್ಟೆಗೆ ಅಂಟಿಸಿ, ಆ ಅಂಟು ಕಾಲಾಂತರದಲ್ಲಿ ಒಣಗಿ ಬಿಗಿದು, ನಕ್ಷೆಯನ್ನು ಬಿಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬಟ್ಟೆ ಬಿಡಿಸದೆ ಮುಂದಿನ ಯಾವ ಕೆಲಸವೂ ಸಾಗುವಂತಿರಲಿಲ್ಲ. ಚೂರಿಯಿಂದ ಕೆರೆದು ತೆಗೆಯಲು ನೋಡಿ ಟೋಪಿ ಒಂದು ಮೂಲೆ ಹರಿದಳು, ಹರಿದದ್ದಕ್ಕೆ ಅತ್ತಳು. ಆಗ ಇವಳು, ನಾನೊಂದ್ಸಲ ನೋಡ್ಲಾ ಎಂದು ಮುಂದೆ ಬಂದಳು. ಗೋಧಿ ಹಿಟ್ಟಿನ ಅಂಟನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ಬೆರಳಗಲದ ಪಟ್ಟಿಯಷ್ಟು ಬಟ್ಟೆಯ ಮೇಲೆ ದಪ್ಪಗೆ ಮೆತ್ತಿ ಇಪ್ಪತ್ತು ನಿಮಿಷ ಬಿಟ್ಟರೆ, ಅದರ ತೇವ ನಿಧಾನ ಒಳಗಿಳಿದು ಹಳೆಯ ಅಂಟು ಉಬ್ಬಿ ಮೆತ್ತಗಾಗುತ್ತದೆ; ಆಗ ಬಟ್ಟೆಯನ್ನು ಮೇಲಕ್ಕೆತ್ತದೆ, ಹಿಂದಕ್ಕೆ ಮಡಚಿ ಮಲಗಿಸಿಕೊಂಡೇ ಎಳೆಯಬೇಕು. ಅವಸರ ಮಾಡಿದರೆ ಶಾಯಿ ಎದ್ದು ಬರುತ್ತದೆ. ಒಂದು ಪಟ್ಟಿ, ಮತ್ತೊಂದು ಪಟ್ಟಿ. ಒಂಬತ್ತು ಸಂಜೆ ಅವಳೊಬ್ಬಳೇ ನಿಂತು ಬಾಗಿಲಿನಷ್ಟು ಬಟ್ಟೆ ಬಿಡಿಸಿದಳು. ಪೋಸ್ಟ್‌ಮ್ಯಾನ್‌ಗೆ ಆ ಹದಿನೈದು ದಿನ ಜ್ವರ, ವಾಸಿಯಾದ ಮೇಲೆ ಬಂದು ನಕ್ಷೆಯ ಬೆನ್ನಿಗೆ ಹೊಸ ಕಾಗದ ಅಂಟಿಸಿದರು. ಟೋಪಿ ಫೋಟೋ ತೆಗೆದಳು, ವರದಿ ಬರೆದಳು, ಹಗಲು ಹೊತ್ತು ಹರಿದ ಅಂಚುಗಳನ್ನು ಸೇರಿಸಿದಳು. ಬೆಳಿಗ್ಗೆ ಬಂದು ನೋಡಿದಾಗಲೆಲ್ಲ ಎಷ್ಟು ಕೆಲಸ ಮಾಡಿಬಿಟ್ಟಿದ್ದೀಯ ಎನ್ನುತ್ತಿದ್ದಳು, ಇವಳು ಏನಿಲ್ಲ, ನಾನೇನು ಮಾಡಿದೆ, ಅದರಷ್ಟಕ್ಕೆ ಅದೇ ಬಿಟ್ಟುಕೊಂಡು ಬಂತು ಎನ್ನುತ್ತಿದ್ದಳು. ಒಂಬತ್ತು ಬೆಳಿಗ್ಗೆಯೂ ಅದೇ ಮಾತು.

ಆ ಕೈಚಳಕ ಅವಳದಲ್ಲ, ಅಕ್ಕನದು. ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ, ಅಪ್ಪನ ಕೈ ನಡುಗಲು ಶುರುವಾದ ಮೇಲೆ, ಮಣೆಯ ಮೇಲೆ ಕೂತವಳು ಅಕ್ಕ. ಶಾಲೆಯ ಹಾಜರಿ ಪುಸ್ತಕ, ಕೋರ್ಟಿನ ಕಡತ, ಯಾರದೋ ತಾತನ ಪೋಥಿ, ಬೆನ್ನು ಬಿಟ್ಟ ಯಾವ ಪುಸ್ತಕ ಬಂದರೂ ಅಕ್ಕ ಅದರ ಬೆನ್ನಿಗೆ ಮೈದಾ ಅಂಟು ಮೆತ್ತಿ, ಇದು ನೆನೆಯೋವರೆಗೂ ನಾವು ಊಟ ಮಾಡಿ ಬರೋಣ ಎನ್ನುತ್ತಿದ್ದಳು. ಊಟ ಮಾಡಿ ಬರುವಷ್ಟರಲ್ಲಿ ಹಳೆಯ ಅಂಟು ಬೆಣ್ಣೆಯಂತಾಗಿರುತ್ತಿತ್ತು. ಒಮ್ಮೆ ಪುಸ್ತಕ ಕೊಡಲು ಬಂದ ಗ್ರಂಥಾಲಯದವರು ಅದನ್ನು ನೋಡಿ ಬೆರಗಾಗಿ, ತಮ್ಮಲ್ಲಿ ಒಂದು ವರ್ಷದ ತರಬೇತಿ ಇದೆ, ಒಂದು ಸೀಟು ಕೊಡಿಸಬಲ್ಲೆ, ನಿಮ್ಮಿಬ್ಬರಲ್ಲಿ ಒಬ್ಬರು ಬನ್ನಿ ಎಂದರು. ಮಾತು ಇಬ್ಬರಿಗೂ ಆಡಿದ್ದು, ಕಣ್ಣು ಅಕ್ಕನ ಕೈ ಮೇಲೆ ಇತ್ತು. ಅಕ್ಕ ಕೈಗೆ ಮೆತ್ತಿದ್ದ ಅಂಟನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನಗೆಲ್ಲಿ ಆ ತಲೆ ಇದೆ, ಇವಳನ್ನ ಕಳಿಸಿ ಎಂದಳು. ಅವಳು ಸರಿ ಎಂದಳು. ಆ ಸರಿಯಿಂದ ತರಬೇತಿ, ತರಬೇತಿಯಿಂದ ಕೆಲಸ, ಕೆಲಸದಿಂದ ಈ ದೇಶ, ಈ ಕೋಟು, ಈ ಬಸ್ಸು. ಅಕ್ಕನಿಗೆ ಓದು ಬೇಕಿರಲಿಲ್ಲ ಎಂದು ಕೇಳಿದವರಿಗೆಲ್ಲ ಅವಳು ಎಂಟು ವರ್ಷ ಹೇಳಿಕೊಂಡು ಬಂದಿದ್ದಳು.

ನಕ್ಷೆ ಮುಗಿದ ದಿನ ಒಂದು ನಮೂನೆ ತುಂಬಲು ಕೊಟ್ಟಿದ್ದರು. ಗುಂಪಿನ ಕೆಲಸವನ್ನು ನೂರು ಎಂದಿಟ್ಟುಕೊಂಡು, ಯಾರ ಪಾಲು ಎಷ್ಟು ಎಂದು ಮೂವರೂ ಬೇರೆ ಬೇರೆಯಾಗಿ ಬರೆಯಬೇಕು. ಅವಳು ಹಿಂದುಮುಂದು ಯೋಚಿಸದೆ ಟೋಪಿಗೆ ನಲವತ್ತೈದು, ಪೋಸ್ಟ್‌ಮ್ಯಾನ್‌ಗೆ ನಲವತ್ತೈದು, ತನಗೆ ಹತ್ತು ಎಂದು ಬರೆದಳು. ಬರೆಯುವಾಗ ಒಂದು ಸುಖವೂ ಇತ್ತು. ನಮೂನೆ ನೋಡಿದವರು ಛೆ ಛೆ, ಎಲ್ಲಾದರೂ ಉಂಟೇ ಎಂದು ತಿದ್ದುವುದನ್ನು, ಟೋಪಿ ಓಡಿಬಂದು ನೀನು ಹುಚ್ಚಿ ಎಂದು ಬೈಯುವುದನ್ನು ಅವಳು ಮನಸ್ಸಿನಲ್ಲೇ ನೋಡಿ ನಸುನಕ್ಕಿದ್ದಳು. ಯಾರೂ ಓಡಿಬರಲಿಲ್ಲ.

ಮೇಷ್ಟರು ಮೂರು ನಮೂನೆಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಅವರ ಕೋಣೆ ಚಿಕ್ಕದು, ಬೆಚ್ಚಗಿತ್ತು. ಕೋಟು ತೆಗೆಯಬೇಕೋ ಬೇಡವೋ ಎಂಬುದರಲ್ಲೇ ಅವಳ ಮೊದಲ ಎರಡು ನಿಮಿಷ ಹೋಯಿತು. ಟೋಪಿ ಅವಳಿಗೆ ಹದಿನೈದು ಕೊಟ್ಟಿದ್ದಳು, ಪೋಸ್ಟ್‌ಮ್ಯಾನ್ ಕೂಡ ಹದಿನೈದು. ಇಪ್ಪತ್ತೈದಕ್ಕಿಂತ ಕಡಿಮೆ ಪಾಲಿನವರಿಗೆ ಎರಡನೇ ವರ್ಷ ಇಲ್ಲ, ನಿಯಮ ನಿಮಗೆ ಗೊತ್ತಿದೆಯಲ್ಲ ಎಂದರು ಮೇಷ್ಟರು. ಗೊತ್ತಿತ್ತು. ನಿಯಮವಿರುವುದು ಬೇರೆ ಯಾರಿಗೋ ಎಂದು ಅವಳು ಅಂದುಕೊಂಡಿದ್ದಳು. ಸಂಜೆಗಳಲ್ಲಿ ಆ ಮೇಜಿನ ಹತ್ತಿರ ದೀಪ ಉರಿಯುತ್ತಿದ್ದದ್ದನ್ನು ತಾವು ನೋಡಿದ್ದಾಗಿಯೂ, ಆದರೆ ನೋಡಿದ್ದಕ್ಕೆ ಅಂಕ ಹಾಕಲು ಬರುವುದಿಲ್ಲವೆಂದೂ ಅವರು ಹೇಳಿದರು. ಆಮೇಲೆ ಅವಳ ನಮೂನೆಯನ್ನು ಬೆರಳಿನಿಂದ ಅವಳ ಕಡೆಗೆ ಸರಿಸಿದರು.

"ಬಟ್ಟೆ ಬಿಡಿಸಿದ್ದು ಯಾರು?"

ನಾನು ಎನ್ನಬೇಕು. ಒಂದೇ ಒಂದು ಮಾತು, ಎರಡೇ ಅಕ್ಷರ. ಅಪ್ಪನ ಮುಂದೆ, ನೆಂಟರ ಮುಂದೆ, ಹುಟ್ಟಿದಾಗಿನಿಂದ ಯಾರ ಮುಂದೆಯೂ ಆಡದ ಮಾತು. ತಾನೇ ತನ್ನ ಬಾಯಲ್ಲಿ ಹೇಳಿಕೊಂಡರೆ ಮಾಡಿದ ಕೆಲಸವೆಲ್ಲ ಮೈಲಿಗೆಯಾದಂತೆ. ಎಲ್ಲರೂ ಸೇರಿ ಮಾಡಿದ್ವಿ ಸರ್, ಅವರಿಬ್ಬರೂ ತುಂಬ ಕಷ್ಟಪಟ್ಟರು ಎಂದು ಅವಳ ಬಾಯಿ ತಾನಾಗಿಯೇ ಹೇಳಿತು. ಹೇಳಿ ಅವರ ಮುಖವನ್ನೇ ನೋಡುತ್ತ ಕೂತಳು. ಮೇಷ್ಟರು ನಿಟ್ಟುಸಿರು ಬಿಟ್ಟು ಒಂದು ಖಾಲಿ ನಮೂನೆ ತೆಗೆದು ಕೊಟ್ಟರು. ನಾಳೆ ಹನ್ನೊಂದು ಗಂಟೆಯವರೆಗೆ ಸಮಯವಿದೆ, ಬದಲಿಸುವುದಿದ್ದರೆ ಬರೆದು ತನ್ನಿ, ಬದಲಾದರೆ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ, ಯಾಕೆಂದರೆ ನೂರು ನೂರೇ, ನಿಮ್ಮದು ಏರಿದರೆ ಇನ್ನೊಬ್ಬರದು ಇಳಿಯುತ್ತದೆ ಎಂದರು. ಅವಳು ಥ್ಯಾಂಕ್ಸ್ ಹೇಳಿ, ಬಾಗಿಲು ಹಾಕಿಕೊಂಡು ಬರುವಾಗ ಸಾರಿ ಎಂದೂ ಹೇಳಿದಳು.

ಟೋಪಿ ಮೂರನೇ ಮೇಜಿನಲ್ಲಿ ಬ್ರಷ್ಷು ತೊಳೆಯುತ್ತಿದ್ದಳು. ಹೇಗಾಯಿತು ಎಂದು ಅಕ್ಕರೆಯಿಂದಲೇ ಕೇಳಿದಳು. ಇವಳು ಹೇಳಿದಳು, ಹೇಳುತ್ತ ಹೇಳುತ್ತ ಎಂದೂ ಇಲ್ಲದ ಧೈರ್ಯ ಬಂದು, ನನಗೆ ಹದಿನೈದು ಯಾಕೆ ಹಾಕಿದೆ ಎಂದೂ ಕೇಳಿಬಿಟ್ಟಳು. ಟೋಪಿ ಬ್ರಷ್ಷು ಕೆಳಗಿಟ್ಟಳು. ಅವಳ ಮುಖದಲ್ಲಿ ಕಳ್ಳತನ ಹುಡುಕಿದರೂ ಸಿಗಲಿಲ್ಲ.

"ನೀನೇ ಹೇಳ್ತಿದ್ದೆಯಲ್ಲ, ಅದು ಸುಲಭ, ಅದರಷ್ಟಕ್ಕೆ ಬಿಟ್ಟುಕೊಂಡು ಬಂತು ಅಂತ. ನನಗೆ ಆ ಕೆಲಸ ಬರಲ್ಲ, ಅದು ಕಷ್ಟಾನೋ ಸುಲಭಾನೋ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಮಾತು ನಂಬಿದೆ."

ನಂಬಬಾರದಿತ್ತು ಎಂದು ಹೇಳುವುದು ಹೇಗೆ. ಅವಳು ಪೆಚ್ಚಾಗಿ ನಕ್ಕು, ಇರಲಿ ಬಿಡು ಎಂದಳು. ಟೋಪಿ ಅದನ್ನೂ ನಂಬಿದಳು. ಭಾನುವಾರ ಸಿಗೋಣ ಎಂದು ಭುಜ ತಟ್ಟಿ ಹೊರಟುಹೋದಳು. ನೀರು ಹನಿಯುತ್ತಿದ್ದ ಬ್ರಷ್ಷುಗಳನ್ನು ಒಂದೊಂದಾಗಿ ಒರೆಸಿ ನಿಲ್ಲಿಸಿ ಅವಳೂ ಬಸ್ಸು ಹಿಡಿದಳು.

ಕೋಣೆಗೆ ಬಂದಾಗ ಇಲ್ಲಿ ಸಂಜೆ, ಅಲ್ಲಿ ಬೆಳಗಿನ ಆರು ಗಂಟೆ. ಅಕ್ಕ ಎದ್ದು ಅಂಗಡಿಯಲ್ಲಿ ಆ ದಿನದ ಅಂಟು ಕಾಯಿಸುವ ಹೊತ್ತು. ಫೋನಿನಲ್ಲಿ ಸೌಟು ತಿರುಗುವ ಸದ್ದು ಕೇಳುತ್ತಿತ್ತು. ಅಕ್ಕನ ದನಿ ಕಿವಿಗೆ ಬಿದ್ದೊಡನೆ ಅವಳಿಗೆ ಅಳು ಬಂತು, ಅತ್ತರೆ ಅಕ್ಕ ಹೆದರುತ್ತಾಳೆಂದು ಎಲ್ಲವನ್ನೂ ತಮಾಷೆ ಮಾಡಿ ಹೇಳತೊಡಗಿದಳು. ಬಾಗಿಲಿನಷ್ಟು ಬಟ್ಟೆ, ಒಂಬತ್ತು ಸಂಜೆ, ನೂರರಲ್ಲಿ ಹತ್ತು, ಬೆಚ್ಚಗಿನ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಬೆವೆತದ್ದು. ಅಕ್ಕ ನಗುತ್ತಿದ್ದಳು. ಅಂಟು ಎಷ್ಟು ಹೊತ್ತು ಬಿಟ್ಟೆ ಎಂದು ಮಧ್ಯೆ ಕೇಳಿದಳು, ಇಪ್ಪತ್ತು ನಿಮಿಷ ಎಂದರೆ ಆ ಚಳಿಗೆ ಅರ್ಧ ಗಂಟೆ ಬೇಕಿತ್ತು ಎಂದಳು. ನಗು ಕೇಳಿ ಅವಳಿಗೂ ಹುರುಪು ಬಂತು.

"ಏನೂ ಮಾಡಿಲ್ಲ ಅಂದ್ರೆ ಹೌದು ಅಂದ್ಕೊಂಡುಬಿಡೋದಾ? ಇಲ್ಲಮ್ಮ, ನೀನೇ ಮಾಡಿದ್ದು ಅಂತ ಒಂದು ಸಲ ಆದ್ರೂ ಅನ್ನಬೇಡ್ವಾ? ಇಂಥ ಜನಾನ ನಾನೆಲ್ಲೂ ನೋಡಿಲ್ಲ ಕಣೇ."

ಸೌಟು ನಿಂತಿತು.

"ಯಾಕೆ, ನೀನೂ ನಂಬಿದ್ದೆಯಲ್ಲ" ಎಂದಳು ಅಕ್ಕ.

ಯಾವುದನ್ನು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಎಂಟು ವರ್ಷದಿಂದ ಆ ತರಬೇತಿಯ ಸೀಟು ಇಬ್ಬರ ನಡುವೆ ಊಟದ ಹೊತ್ತಿನಲ್ಲೂ ಕೂತಿರುತ್ತಿತ್ತು, ಅವಳು ಅದರ ಕಡೆ ನೋಡದೆ ಬಡಿಸಿಕೊಂಡು ಉಂಡಿದ್ದಳು. ನೀನೇ ಬೇಡ ಅಂದೆಯಲ್ಲಕ್ಕ ಎಂದಳು. ಮಾತು ಹೊರಬಿದ್ದ ಮೇಲೆ ಅದು ಮಧ್ಯಾಹ್ನ ಟೋಪಿ ಆಡಿದ ಮಾತೇ ಎಂದು ಅವಳಿಗೆ ಹೊಳೆಯಿತು.

"ಅಂದೆ. ಇನ್ನೊಂದು ಸಲ ಕೇಳ್ತೀಯೇನೋ ಅಂತ ಕಾದೆ" ಎಂದಳು ಅಕ್ಕ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಹೊತ್ತಾಯಿತು ಎನ್ನುವ ಹಾಗೆ ಇತ್ತು. "ನೀನು ಆವತ್ತು ಸಂಜೇನೇ ಟ್ರಂಕು ಇಳಿಸಿ ಒರೆಸ್ತಾ ಇದ್ದೆ. ಸರಿ, ತಳ ಹಿಡೀತಿದೆ, ಇಡ್ತೀನಿ."

ಗೋಡೆಯಾಚೆ ಯಾರೋ ನಗುತ್ತಿದ್ದರು, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಿದ್ದರು. ಅಕ್ಕನಿಗೆ ಓದು ಬೇಕಿರಲಿಲ್ಲ ಎಂಬುದನ್ನು ತಾನು ನಿಜಕ್ಕೂ ನಂಬಿದ್ದೆನೇ, ಇಲ್ಲ ನಂಬುವುದು ಅನುಕೂಲವಾಗಿತ್ತೇ ಎಂದು ಅವಳು ತನ್ನನ್ನು ಕೇಳಿಕೊಂಡಳು. ಅನುಕೂಲವಾಗಿತ್ತು. ಟೋಪಿಗೆ ಭಾಷೆ ಬೇರೆ, ಕೆಲಸ ಗೊತ್ತಿಲ್ಲ, ನಂಬಿದಳು. ತಾನು ಒಂದೇ ಮನೆಯಲ್ಲಿ ಹುಟ್ಟಿ, ಅದೇ ಬೇಡವನ್ನು ದಿನಕ್ಕೆ ಹತ್ತು ಸಲ ಆಡುತ್ತ ಬೆಳೆದವಳು, ಅಕ್ಕನ ಒಂದು ಬೇಡ ಕಿವಿಗೆ ಬಿದ್ದ ಕೂಡಲೇ ಟ್ರಂಕಿನ ಧೂಳು ಒರೆಸಿದವಳು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮೇಷ್ಟರ ಮುಂದೆ ಬಾಯಿ ಬಿಡದೆ ಬಂದದ್ದು ವಿನಯವೆಂದು ಮಧ್ಯಾಹ್ನದಿಂದ ಒಳಗೊಳಗೇ ಬೀಗುತ್ತಿದ್ದ ಒಂದು ಮೂಲೆಯೂ ಇತ್ತು, ಆ ಮೂಲೆ ಈಗ ಕುಸಿದು ಕೂತಿತು. ಹಾಗೆ ಸುಮ್ಮನಿದ್ದು ಮನೆಗೆ ಹೋದರೆ ಕಳೆದುಹೋಗುವುದು ತನ್ನ ಸೀಟಲ್ಲ, ಅಕ್ಕ ಬಿಟ್ಟುಕೊಟ್ಟ ಸೀಟು.

ನಮೂನೆಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಪೋಸ್ಟ್‌ಮ್ಯಾನ್ ಇಪ್ಪತ್ತು ಎಂದು ಬರೆದಳು, ಅದು ನಿಜ. ಟೋಪಿ ಮೂವತ್ತು, ಅದೂ ನಿಜ. ತನ್ನ ಹೆಸರಿನ ಮುಂದೆ ಐವತ್ತು ಎಂದು ಬರೆಯುವಾಗ ಕದ್ದ ಹಾಗೆಯೇ ಅನಿಸಿತು, ಆದರೂ ಬರೆದಳು. ಏನೇನು ಮಾಡಿದಿರಿ ಎಂಬ ಖಾಲಿ ಸಾಲಿನಲ್ಲಿ, ಬಟ್ಟೆ ಬಿಡಿಸಿದವಳು ನಾನು, ಒಬ್ಬಳೇ, ಹೀಗೆ ಬಿಡಿಸುವುದನ್ನು ಕಲಿಸಿದವಳು ನನ್ನ ಅಕ್ಕ ಎಂದು ಬರೆದಳು. ನಾಳೆ ಮೇಷ್ಟರ ಕೋಣೆಯಲ್ಲಿ ಮೂವರೂ ಕೂರಬೇಕು. ಪೋಸ್ಟ್‌ಮ್ಯಾನ್ ಕೆಮ್ಮುತ್ತಾರೆ. ಇಷ್ಟು ದಿನ ನನಗೆ ಸುಳ್ಳು ಹೇಳಿದೆಯಾ ಎಂದು ಟೋಪಿ ಕೇಳುತ್ತಾಳೆ, ಹೌದು ಎನ್ನಬೇಕು. ಭಾನುವಾರದ ಫೋನು ಇನ್ನು ಬರದೆ ಹೋಗಬಹುದು. ಅದನ್ನು ನೆನೆದು ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು, ಯಾರಿಗೂ ಕೇಳಿಸದಂತೆ ದಿಂಬು ಒತ್ತಿಕೊಂಡು ಅತ್ತಳು, ಮುಖ ತೊಳೆದು ಬಂದಳು. ಆಮೇಲೆ ಮತ್ತೆ ಅಕ್ಕನಿಗೆ ಫೋನು ಮಾಡಿದಳು.

ಏನೇ, ಏನಾಯಿತು ಎಂದು ಅಕ್ಕ ಗಾಬರಿಯಿಂದ ಎತ್ತಿಕೊಂಡಳು. ಏನಿಲ್ಲ ಎನ್ನಲು ಹೋಗಿ ಅವಳು ತಡೆದುಕೊಂಡಳು.

"ಅಕ್ಕ, ಆ ತರಬೇತಿ ಈಗಲೂ ಇದೆ. ನಿನಗೆ ಹೋಗಬೇಕಾ?"

"ಅಯ್ಯೋ ಬೇಡ ಕಣೇ, ಈ ವಯಸ್ಸಲ್ಲಿ ನನಗೇನು" ಎಂದಳು ಅಕ್ಕ, ಸ್ವಲ್ಪ ನಕ್ಕಳು ಕೂಡ.

ಅದು ಯಾವ ಬೇಡ ಎಂದು ಅವಳಿಗೆ ತಿಳಿಯಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು ಅವಳು ಮತ್ತೊಂದು ಸಲ ಕೇಳಿದಳು.